ಅಂಬಾಸಿಡರ್‌ಗೆ ಡಿಸ್ಕ್ ಬ್ರೇಕ್: ಘಾಟಿ ಇಳಿಯುವ ಗಾಡಿಗೆ ಏನೇನು ಬದಲಾಗಬೇಕು

ಪ್ರಶ್ನೆ: ನಮ್ಮ ಮನೆಯಲ್ಲಿ 1978ರ ಅಂಬಾಸಿಡರ್ ಮಾರ್ಕ್ 3 ಇದೆ. ಪೆಟ್ರೋಲ್ ಗಾಡಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳದ ಕಡೆ ಆಗಾಗ ಹೋಗುತ್ತೇವೆ. ಐದು ಜನ ಕೂತು ಇಳಿಯುವಾಗ ಅರ್ಧ ದಾರಿಗೆಲ್ಲ ಸುಟ್ಟ ವಾಸನೆ ಬಂದು ಪೆಡಲ್ ಕೆಳಕ್ಕೆ ಹೋಗುತ್ತದೆ. ಮಾರುತಿ 800ರ ಡಿಸ್ಕ್ ಕೂರಿಸಿಕೊಡುತ್ತೇವೆ, ಹಳೆಯ ಮಾಸ್ಟರ್ ಸಿಲಿಂಡರೇ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಸಿಲಿಂಡರ್) ಸಾಕು, ಬೂಸ್ಟರ್ (ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಕಾಲಿನ ಬಲ ಹೆಚ್ಚಿಸುವ ಸಾಧನ) ಬೇಡ ಎಂದು ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಬಹುದೇ?

ಉತ್ತರ: ಡಿಸ್ಕ್ ಹಾಕಿಸಬಹುದು. ಆದರೆ ಗ್ಯಾರೇಜಿನವರು ಹೇಳಿದ ಹಾಗೆ ಬೇಡ. ಡಿಸ್ಕ್ ಮತ್ತು ಅದನ್ನು ಎರಡು ಪ್ಯಾಡ್‌ಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರ್ ಕೂರಿಸುವುದು ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಭಾಗ ಮಾತ್ರ, ನಿಜವಾದ ಕೆಲಸ ಇರುವುದು ಪೆಡಲ್‌ನಿಂದ ಚಕ್ರದವರೆಗಿನ ಆಯಿಲ್ ದಾರಿಯಲ್ಲಿ. ಮಾಸ್ಟರ್ ಸಿಲಿಂಡರ್ ಹಳೆಯದೇ ಇಟ್ಟುಕೊಂಡು ಮುಂದೆ ಡಿಸ್ಕ್ ಜೋಡಿಸಿದ ಗಾಡಿ ಎಷ್ಟೋ ಸಲ ಮೊದಲಿಗಿಂತ ಕೆಟ್ಟದಾಗಿ ನಿಲ್ಲುತ್ತದೆ, ಇಲ್ಲವೇ ಹತ್ತು ಕಿಲೋಮೀಟರ್ ಓಡಿದ ಮೇಲೆ ಬ್ರೇಕ್ ತಾನಾಗಿ ಹಿಡಿದುಕೊಂಡು ಬಿಡುತ್ತದೆ.

ಮೊದಲು ನಿಮ್ಮ ಗಾಡಿಗೆ ಏನಾಗುತ್ತಿದೆ ನೋಡೋಣ. ಘಾಟಿಯಲ್ಲಿ ಬ್ರೇಕ್ ಹೋಗುವುದರಲ್ಲಿ ಎರಡು ಬಗೆ. ಪೆಡಲ್ ಮೇಲೇ ಇದ್ದು, ಕಲ್ಲಿನ ಹಾಗೆ ಗಟ್ಟಿಯಾಗಿದ್ದು, ಎಷ್ಟು ಒತ್ತಿದರೂ ಗಾಡಿ ನಿಲ್ಲದಿದ್ದರೆ ಲೈನರ್ (ಶೂ ಮೇಲೆ ಡ್ರಮ್ಮಿಗೆ ಉಜ್ಜುವ ಪದರ) ಕಾದು ಹಿಡಿತ ಬಿಟ್ಟಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋದರೆ ಎರಡು ಕಾರಣ ಇರಬಹುದು. ಒಂದು, ಡ್ರಮ್ ಬಿಸಿಗೆ ಹಿಗ್ಗಿ ಶೂನಿಂದ ದೂರ ಸರಿದಿದೆ, ಹಾಗಾಗಿ ಶೂ ಹೆಚ್ಚು ದೂರ ಹೋಗಬೇಕು. ಇನ್ನೊಂದು, ಶೂ ತಳ್ಳುವ ವೀಲ್ ಸಿಲಿಂಡರಿನೊಳಗೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಎರಡು ಮೂರು ಸಲ ಪಂಪ್ ಮಾಡಿದಾಗ ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಡ್ರಮ್ ಹಿಗ್ಗಿರುವುದೇ ಹೆಚ್ಚು ಸಂಭವ. ಪಂಪ್ ಮಾಡಿದರೂ ಸ್ಪಂಜಿನಂತೆಯೇ ಇದ್ದರೆ ಆಯಿಲ್ ಕುದಿದಿದೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿಕೊಂಡ ಮೇಲೆ ಆ ಮಿತಿ 140ರವರೆಗೂ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ಮಲೆನಾಡಿನ ಮಳೆಗಾಲ ನಾಲ್ಕಾರು ಕಂಡ ಆಯಿಲ್ ಎಲ್ಲಿಗೆ ಇಳಿದಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಐದು ಜನ ಕೂತ ಅಂಬಾಸಿಡರ್ 1,450 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳಿ. 600 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ ಬ್ರೇಕಿಗೆ ಸೇರುವ ಶಾಖ ಸುಮಾರು 8.5 ಮೆಗಾಜೂಲ್. ಮನೆಯ ಹಂಡೆಯಲ್ಲಿ 27 ಲೀಟರ್ ತಣ್ಣೀರು ಕುದಿಸಲು ಸಾಕಾಗುವಷ್ಟು ಶಾಖ ಅದು. ಇದರ ಹೆಚ್ಚಿನ ಪಾಲು ಮುಂದಿನ ಎರಡು ಡ್ರಮ್‌ಗಳ ಒಳಗೆ, ಗಾಳಿಯಾಡದ ಜಾಗದಲ್ಲಿ ಹುಟ್ಟುತ್ತದೆ. ಎರಡನೇ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ಹೊರುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಆ ಅಭ್ಯಾಸ ಇರುವವರಿಗೆ ಯಾವ ಡಿಸ್ಕೂ ಸಾಲದು.

ಆದ್ದರಿಂದ ಡಿಸ್ಕಿಗೆ ಹಣ ಸುರಿಯುವ ಮೊದಲು ಡ್ರಮ್ ಬಿಚ್ಚಿ ನೋಡಿಸಿ. ಲೇಥಿಗೆ ಹಾಕಿ ಹಾಕಿ ತೆಳುವಾದ ಡ್ರಮ್ ಬೇಗ ಕಾಯುತ್ತದೆ, ಬೇಗ ಹಿಗ್ಗುತ್ತದೆ. ಮೂಲ ಒಳವ್ಯಾಸಕ್ಕಿಂತ 1.5 ಮಿ.ಮೀ. ದಾಟಿದ್ದರೆ ಆ ಡ್ರಮ್ ಗುಜರಿಗೆ. ಹೊಸ ಲೈನರ್ ಹಾಕಿದ ಶೂ ಡ್ರಮ್ಮಿನ ಬಾಗಿಗೆ ಪೂರ್ತಿ ಕೂತಿದೆಯೇ, ಇಲ್ಲ ಬರೀ ನಡುವಿನಲ್ಲಿ ತಾಗುತ್ತಿದೆಯೇ ನೋಡಬೇಕು. ಡ್ರಮ್ ಒಳಗೆ ಸೀಮೆಸುಣ್ಣ ಬಳಿದು, ಶೂ ಒತ್ತಿ ಒಂದು ಸುತ್ತು ತಿರುಗಿಸಿದರೆ ಗುರುತು ಬೀಳುತ್ತದೆ. ಲೈನರಿನ ಮುಕ್ಕಾಲು ಭಾಗವಾದರೂ ತಾಗಬೇಕು. ಹಿಂದೆ ಆಕ್ಸಲ್ ಸೀಲ್ ಸೋರಿ ಶೂಗೆ ಎಣ್ಣೆ ಹತ್ತಿರುವುದು ಅಂಬಾಸಿಡರ್‌ನಲ್ಲಿ ಮಾಮೂಲಿ. ಹಾಗಾದಾಗ ಹಿಂದಿನ ಬ್ರೇಕಿನ ಪಾಲನ್ನೂ ಮುಂದಿನದೇ ಹೊರಬೇಕಾಗುತ್ತದೆ. ಇದೆಲ್ಲ ಸರಿಮಾಡಿಸಿ, ಆಯಿಲ್ ಪೂರ್ತಿ ಬದಲಿಸಿ, ಗೇರಿನಲ್ಲಿ ಇಳಿದು ನೋಡಿ. ಇಷ್ಟರಲ್ಲೇ ತೃಪ್ತಿಯಾಗುವವರು ಅನೇಕರು. ಹಳೆಯ ಲೈನರಿನ ಪುಡಿಯನ್ನು ಮಾತ್ರ ಕಂಪ್ರೆಸರ್ ಗಾಳಿಯಿಂದ ಊದಿಸಬೇಡಿ, ಅದರಲ್ಲಿ ಕಲ್ನಾರು ಇರುವ ಸಂಭವ ಹೆಚ್ಚು. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಕಟ್ಟಿ ಎಸೆಯಿರಿ.

ಡ್ರಮ್ ಸರಿಯಿದ್ದೂ ಸಾಲದು ಅನ್ನಿಸಿದರೆ ಡಿಸ್ಕಿಗೆ ಹೋಗಲು ಒಳ್ಳೆಯ ಕಾರಣಗಳಿವೆ. ಡಿಸ್ಕ್ ಕಾದು ಹಿಗ್ಗಿದರೆ ಪ್ಯಾಡ್ ಕಡೆಗೇ ಹಿಗ್ಗುತ್ತದೆ, ಪೆಡಲ್ ಕೆಳಗಿಳಿಯುವುದಿಲ್ಲ. ಗಾಳಿಗೆ ತೆರೆದಿರುವುದರಿಂದ ತಿರುವಿನಿಂದ ತಿರುವಿಗೆ ಆರುತ್ತದೆ. ಹಳ್ಳ ದಾಟಿದ ಮೇಲೆ ಡ್ರಮ್ ಒಣಗಿಸಲು ಬ್ರೇಕ್ ಒತ್ತಿಕೊಂಡೇ ಒಂದಷ್ಟು ದೂರ ಓಡಿಸಬೇಕು, ಡಿಸ್ಕಾದರೆ ಎರಡು ಸುತ್ತಿಗೆ ನೀರು ಕೊಡವಿಕೊಳ್ಳುತ್ತದೆ. ಇದು ಹಳೆಯ ಕಾರಿಗೆ ಹೊರಗಿನಿಂದ ತಂದು ಅಂಟಿಸಿದ ಉಪಾಯವೇನೂ ಅಲ್ಲ. ನಮ್ಮ ಪದ್ಮಿನಿಯ ಮೂಲವಾದ ಫಿಯಟ್ 1100ಕ್ಕೆ ಇಟಲಿಯಲ್ಲಿ 1966ರ 1100 ಆರ್ ಮಾದರಿಯಲ್ಲೇ ಮುಂದೆ ಡಿಸ್ಕ್ ಬಂದಿತ್ತು. 1990ರ ದಶಕದಲ್ಲಿ ಐಸುಜು 1.8 ಎಂಜಿನ್ ಬಂದ ಮೇಲಿನ ಅಂಬಾಸಿಡರ್‌ಗಳಲ್ಲೂ ಮುಂದೆ ಡಿಸ್ಕ್, ಜೊತೆಗೆ ಬೂಸ್ಟರ್ ಇರುವ ಗಾಡಿಗಳಿವೆ.

ನೀವು ಹುಡುಕಬೇಕಾದ್ದು ಆ ಗಾಡಿಯ ಸಾಮಾನನ್ನೇ. ಎರಡೂ ಬದಿಯ ಸ್ಟಬ್ ಆಕ್ಸಲ್ (ಮುಂದಿನ ಚಕ್ರ ಕೂರುವ ದಂಡ), ಹಬ್, ಡಿಸ್ಕ್, ಕ್ಯಾಲಿಪರ್, ಡಿಸ್ಕಿನ ಹಿಂದಿನ ಧೂಳುತಗಡು, ಬೂಸ್ಟರ್, ಅದಕ್ಕೆ ಸೇರಿದ ಟ್ಯಾಂಡಮ್ (ಎರಡು ದಾರಿಯ) ಮಾಸ್ಟರ್ ಸಿಲಿಂಡರ್, ಪೆಡಲ್ ಬ್ರಾಕೆಟ್, ವ್ಯಾಕ್ಯೂಮ್ ಪೈಪ್ ಎಲ್ಲವನ್ನೂ ಒಂದೇ ಗಾಡಿಯಿಂದ ಸೆಟ್ಟಾಗಿ ತೆಗೆದುಕೊಳ್ಳಿ. ಬಿಡಿಬಿಡಿಯಾಗಿ ನಾಲ್ಕು ಕಡೆಯಿಂದ ಕೂಡಿಸಿದರೆ ಒಂದಕ್ಕೊಂದು ಹೊಂದಿಸುವ ಕೂಲಿಯೇ ಸಾಮಾನಿನ ಬೆಲೆ ದಾಟುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಿಟ್, ಪ್ಯಾಡ್, ಹೋಸ್ ವಿಚಾರಿಸಿ. ಸ್ಟಬ್ ಆಕ್ಸಲ್, ಪೆಡಲ್ ಬ್ರಾಕೆಟ್‌ನಂಥವಕ್ಕೆ ಗುಜರಿಗೆ ಬಂದ ಟ್ಯಾಕ್ಸಿಯೇ ಗತಿ. ಗುಜರಿಯಿಂದ ತಂದ ಕ್ಯಾಲಿಪರಿಗೆ ಹೊಸ ಸೀಲ್ ಕಿಟ್, ಸ್ಲೈಡಿಂಗ್ ಪಿನ್, ರಬ್ಬರ್ ಬೂಟ್ ಹಾಕದೆ ಗಾಡಿಗೆ ಏರಿಸಬೇಡಿ. ಪಿಸ್ಟನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಅದನ್ನು ಉಜ್ಜಿ ನಯ ಮಾಡುವುದಲ್ಲ, ಪಿಸ್ಟನ್ನನ್ನೇ ಬದಲಿಸಬೇಕು. ಡಿಸ್ಕಿನ ಅಂಚಿನಲ್ಲೋ ನಡುವಿನ ಭಾಗದಲ್ಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ, ಮೈಕ್ರೋಮೀಟರಿನಲ್ಲಿ ಅಳೆದು ಅದಕ್ಕಿಂತ ಒಂದು ಮಿಲಿಮೀಟರಾದರೂ ಹೆಚ್ಚಿದ್ದರೆ ಮಾತ್ರ ಇಟ್ಟುಕೊಳ್ಳಿ.

ಮಾರುತಿ 800ರ ಸಾಮಾನು ಯಾಕೆ ಬೇಡ ಅಂದರೆ, ಆ ಬ್ರೇಕನ್ನು ಅಂಬಾಸಿಡರ್‌ನ ಸುಮಾರು ಅರ್ಧ ತೂಕದ ಗಾಡಿಗಾಗಿ ಮಾಡಿದ್ದಾರೆ. ಡಿಸ್ಕಿನ ವ್ಯಾಸ ಚಿಕ್ಕದು, ಅದರ ತೂಕವೂ ಕಡಿಮೆ. ಊರೊಳಗೆ ಚೆನ್ನಾಗಿಯೇ ಹಿಡಿಯುತ್ತದೆ, ಘಾಟಿಯಲ್ಲಿ ಡ್ರಮ್ಮಿಗಿಂತ ಮೊದಲೇ ಕಾಯುತ್ತದೆ. ನೀವು ಯಾವ ತೊಂದರೆ ತಪ್ಪಿಸಿಕೊಳ್ಳಲು ಹೊರಟಿದ್ದೀರೋ ಅದೇ ತೊಂದರೆ ಹೊಸ ಸಾಮಾನಿನಲ್ಲಿ ವಾಪಸು ಬರುತ್ತದೆ. ಬೇರೆ ಗಾಡಿಯದೇ ಹಾಕುವ ಅನಿವಾರ್ಯ ಬಂದರೆ, ಒಂದೂಕಾಲು ಟನ್‌ಗಿಂತ ಭಾರದ ಗಾಡಿಯ, ಒಳಗೆ ಗಾಳಿ ಕಿಂಡಿಗಳಿರುವ ವೆಂಟಿಲೇಟೆಡ್ ಡಿಸ್ಕ್ ನೋಡಿ.

ಆಗ ಕ್ಯಾಲಿಪರ್ ಹಿಡಿಯಲು ಬ್ರಾಕೆಟ್ ಮಾಡಿಸಬೇಕಾಗುತ್ತದೆ. ಅದಕ್ಕೆ 12 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್, 8.8 ಗ್ರೇಡಿನ ಬೋಲ್ಟ್. ಬೋಲ್ಟಿನ ತಲೆಯ ಮೇಲೆ ಆ ಅಂಕಿ ಇರಬೇಕು, ಬರೀ ತಲೆಯ ಬೋಲ್ಟ್ ಬೇಡ. ಎರಡು ಪ್ಲೇಟ್ ಕೂಡುವ ಜಾಗದಲ್ಲಿ ಬೋಲ್ಟಿನ ನುಣುಪು ಭಾಗ ಬರಬೇಕು, ಮರೆಯ (ತಿರುಪಿನ ಎಳೆಯ) ಭಾಗ ಬರಬಾರದು. ಸ್ಟಬ್ ಆಕ್ಸಲ್ಲಿಗೆ ವೆಲ್ಡಿಂಗ್ ಅಂತೂ ಕೂಡಲೇ ಕೂಡದು. ಅದು ಫೋರ್ಜ್ ಮಾಡಿ ಹದ ಹಾಕಿದ ಉಕ್ಕು. ವೆಲ್ಡಿಂಗಿನ ಬಿಸಿ ತಾಗಿದ ಅಂಚಿನಲ್ಲಿ ಸಣ್ಣ ಬಿರುಕು ಹುಟ್ಟಿ, ವರ್ಷಗಟ್ಟಲೆ ಏನೂ ಕಾಣದೆ ಇದ್ದು, ಒಂದು ದಿನ ಚಕ್ರದ ಸಮೇತ ಕಳಚುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ: ಬೂಸ್ಟರ್ ಇಲ್ಲದೆ ಯಾಕೆ ಆಗುವುದಿಲ್ಲ? ನಿಮ್ಮ ಗಾಡಿಯ ಮುಂದಿನ ಡ್ರಮ್ಮಿನಲ್ಲಿ ಎರಡು ವೀಲ್ ಸಿಲಿಂಡರ್, ಎರಡೂ ಶೂ ಲೀಡಿಂಗ್. ಅಂದರೆ ತಿರುಗುವ ಡ್ರಮ್ಮೇ ಶೂಗಳನ್ನು ಎಳೆದು ತನ್ನ ಮೇಲೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಶೂ ಒತ್ತಿದ ಬಲದ ಸುಮಾರು ಮೂರು ಪಟ್ಟು ತಡೆ ಸಿಗುತ್ತದೆ. ಡಿಸ್ಕಿನಲ್ಲಿ ಈ ಪುಕ್ಕಟೆ ಸಹಾಯ ಇಲ್ಲ. ಅಲ್ಲಿ ಸಿಗುವುದು ಒತ್ತಿದ ಬಲದ 0.7ರಷ್ಟು ಮಾತ್ರ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಿರುವುದರಿಂದ ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಅಲ್ಲ.

ಅಂಕಿ ಹಾಕಿಯೇ ನೋಡಿ. ಕಾಲಿನಿಂದ 30 ಕೆ.ಜಿ. ಬಲ, ಪೆಡಲ್ ಅನುಪಾತ 5, ಅಂದರೆ ಮಾಸ್ಟರ್ ಸಿಲಿಂಡರಿಗೆ 150 ಕೆ.ಜಿ. ಮಾಸ್ಟರ್ ಒಳವ್ಯಾಸ ಮುಕ್ಕಾಲು ಇಂಚು ಇದ್ದರೆ ಅದರ ವಿಸ್ತೀರ್ಣ 2.85 ಚದರ ಸೆಂ.ಮೀ., ಹುಟ್ಟುವ ಒತ್ತಡ ಚದರ ಸೆಂ.ಮೀ.ಗೆ 52-53 ಕೆ.ಜಿ. ಕ್ಯಾಲಿಪರಿನಲ್ಲಿ 51 ಮಿ.ಮೀ.ನ ಒಂದು ಪಿಸ್ಟನ್ ಇದ್ದರೆ ಅದರ ಮೇಲೆ ಸುಮಾರು 1,070 ಕೆ.ಜಿ. ಪ್ಯಾಡ್ ಎರಡು, ಘರ್ಷಣೆಯ ಗುಣಾಂಕ 0.35, ಪ್ಯಾಡ್ ಹಿಡಿಯುವ ತ್ರಿಜ್ಯ 10 ಸೆಂ.ಮೀ., ಟೈರಿನ ತ್ರಿಜ್ಯ 32 ಸೆಂ.ಮೀ. ಲೆಕ್ಕ ಮುಗಿಸಿದರೆ ರಸ್ತೆಯ ಮೇಲೆ ಒಂದು ಚಕ್ರಕ್ಕೆ 235 ಕೆ.ಜಿ., ಎರಡಕ್ಕೆ 470 ಕೆ.ಜಿ. ತಡೆ. 1,450 ಕೆ.ಜಿ. ಗಾಡಿಗೆ ಇದು 0.32 ಜಿ, ಅಂದರೆ ಗಾಡಿಯ ತೂಕದ 0.32ರಷ್ಟು ತಡೆ ಆಯಿತು. ಒಣ ರಸ್ತೆಯಲ್ಲಿ ಗಾಬರಿಯಿಂದ ಒತ್ತಿದಾಗ ಬೇಕಾದ್ದು 0.7ರ ಆಸುಪಾಸು. ಹಿಂದಿನ ಡ್ರಮ್ ಸ್ವಲ್ಪ ಸೇರಿಸಿದರೂ ಅರ್ಧದಷ್ಟು ಕೊರತೆ. ಆ ಕೊರತೆಯನ್ನು ಒಂದೋ ನಿಮ್ಮ ಮೊಣಕಾಲು ತುಂಬಬೇಕು, ಇಲ್ಲ ಬೂಸ್ಟರ್.

ಹಾಗಾದರೆ ಇನ್ನೂ ಸಣ್ಣ ಮಾಸ್ಟರ್ ಹಾಕಿ ಒತ್ತಡ ಹೆಚ್ಚಿಸಬಾರದೇ ಎಂದು ಕೇಳುತ್ತಾರೆ. ಒತ್ತಡ ಹೆಚ್ಚುತ್ತದೆ, ಆದರೆ ತಳ್ಳುವ ಆಯಿಲ್ ಕಡಿಮೆಯಾಗುತ್ತದೆ. ಪ್ರತಿ ಕ್ಯಾಲಿಪರಿನ ಪಿಸ್ಟನ್ ಅರ್ಧ ಮಿಲಿಮೀಟರ್ ಸರಿಯಲು ಎರಡೂ ಸೇರಿ 2 ಸಿ.ಸಿ. ಆಯಿಲ್ ಬೇಕು. ಮುಕ್ಕಾಲು ಇಂಚಿನ ಮಾಸ್ಟರಿನಲ್ಲಿ ಅದಕ್ಕೆ ಪೆಡಲ್ 36 ಮಿ.ಮೀ. ಕೆಳಗಿಳಿಯಬೇಕು. ಏಳೆಂಟನೇ ಇಂಚಿನದರಲ್ಲಿ, ಅಂದರೆ 22.2 ಮಿ.ಮೀ. ಮಾಸ್ಟರಿನಲ್ಲಿ 26 ಸಾಕು, ಆದರೆ ಅದೇ ಕಾಲಿನ ಬಲಕ್ಕೆ ಮುಂದಿನ ತಡೆ 0.24 ಜಿಗೆ ಇಳಿಯುತ್ತದೆ. ಹಿಂದಿನ ಶೂಗೆ, ಹೋಸಿನ ಉಬ್ಬಿಗೆ ಬೇಕಾದ ಆಯಿಲ್ ಇದರಲ್ಲಿ ಸೇರಿಲ್ಲ. ಪೆಡಲ್ ಉದ್ದ ಮತ್ತು ಪೆಡಲ್ ಭಾರ ಎರಡನ್ನೂ ಒಟ್ಟಿಗೆ ಸರಿ ಮಾಡುವ ದಾರಿ ದೊಡ್ಡ ಮಾಸ್ಟರ್ ಜೊತೆ ಬೂಸ್ಟರ್, ಅಷ್ಟೇ.

ಒಂದೇ ಸರ್ಕ್ಯೂಟಿನ ಹಳೆಯ ಮಾಸ್ಟರ್ ತೆಗೆಯಲು ಇನ್ನೊಂದು ಕಾರಣವೂ ಇದೆ. ಅದರಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಟ್ಯಾಂಡಮ್ ಮಾಸ್ಟರಿನಲ್ಲಿ ಮುಂದಿನ ಮತ್ತು ಹಿಂದಿನ ದಾರಿ ಬೇರೆಬೇರೆ. ಡಿಸ್ಕ್ ಹಾಕಿಸದಿದ್ದರೂ ಈ ಒಂದು ಬದಲಾವಣೆ ಮಾಡಿಸಲು ಯೋಗ್ಯ ಎಂಬುದು ನನ್ನ ಅಭಿಪ್ರಾಯ.

ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ನಿಮ್ಮ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಇನ್‌ಲೆಟ್ ಮ್ಯಾನಿಫೋಲ್ಡಿನಿಂದ (ಗಾಳಿ-ಪೆಟ್ರೋಲ್ ಒಳಗೆಳೆಯುವ ಕೊಳವೆಯಿಂದ) ಬರುತ್ತದೆ. ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಪೈಪಿಗೆ ಟೀ ಹಾಕಿ ಎಳೆಯುವುದು ತಪ್ಪು, ಬಾಯಿ ಸಾಲದು, ಐಡಲಿನಲ್ಲಿ ವ್ಯಾಕ್ಯೂಮೂ ಇರುವುದಿಲ್ಲ. ಮ್ಯಾನಿಫೋಲ್ಡಿಗೆ ದೊಡ್ಡ ಬಾಯಿಯ ನಿಪ್ಪಲ್ ಕೂರಿಸಿ, ಒಳಗೆ ಹೆಣಿಗೆಯಿರುವ ವ್ಯಾಕ್ಯೂಮ್ ಹೋಸನ್ನೇ ಹಾಕಿ. ನೀರಿನ ಹೋಸ್ ಬಿಸಿಗೆ ಒಳಕ್ಕೆ ಚಪ್ಪಟೆಯಾಗುತ್ತದೆ. ಮೊದಲು ಗೇಜ್ ಇಟ್ಟು ನೋಡಿ: ಐಡಲಿನಲ್ಲಿ 450-500 ಮಿ.ಮೀ. ಪಾದರಸ ಬಂದರೆ ಸರಿ. 400ಕ್ಕಿಂತ ಕಡಿಮೆಯಿದ್ದರೆ ವಾಲ್ವ್, ರಿಂಗ್, ಟೈಮಿಂಗ್ ಕೆಲಸ ಮೊದಲು. ಬೂಸ್ಟರ್ ಮತ್ತು ಅದರಲ್ಲಿ ವ್ಯಾಕ್ಯೂಮ್ ಉಳಿಸುವ ಒನ್-ವೇ ವಾಲ್ವ್ ಸರಿಯಾಗಿವೆಯೇ ತಿಳಿಯಲು ಎಂಜಿನ್ ಆಫ್ ಮಾಡಿ ಐದು ಸಲ ಪೆಡಲ್ ಒತ್ತಿ, ಕಾಲಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಆಮೇಲೆ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಒತ್ತಿದರೂ ಮೊದಲ ಒತ್ತು ಮೆತ್ತಗೇ ಇರಬೇಕು. ಬೂಸ್ಟರ್ ಇರುವ ಗಾಡಿಯನ್ನು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಟ್ಟರೆ ಎರಡು ಮೂರು ಒತ್ತಿಗೆ ವ್ಯಾಕ್ಯೂಮ್ ಮುಗಿದು ಪೆಡಲ್ ಗೋಡೆಯಾಗುತ್ತದೆ. ಗಾಡಿ ಓಡಿಸುವ ಎಲ್ಲರಿಗೂ ಇದನ್ನು ಹೇಳಿಡಿ.

ಬ್ರೇಕ್ ತಾನಾಗಿ ಹಿಡಿದುಕೊಳ್ಳುವ ಕಾಯಿಲೆ ಡ್ರಮ್‌ನಿಂದ ಡಿಸ್ಕಿಗೆ ಬಂದ ಗಾಡಿಗಳಲ್ಲಿ ಅತಿ ಹೆಚ್ಚು. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಚೆಕ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ 8ರಿಂದ 12 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ಒತ್ತಡವನ್ನು ಅದು ಉಳಿಸುತ್ತದೆ. ಡ್ರಮ್ಮಿನಲ್ಲಿ ಶೂ ಸ್ಪ್ರಿಂಗ್ ಬಿಗಿಯಾಗಿರುವುದರಿಂದ ತೊಂದರೆಯಿಲ್ಲ, ಅಲ್ಲದೆ ವೀಲ್ ಸಿಲಿಂಡರಿನ ರಬ್ಬರ್ ಕಪ್‌ಗಳು ಗಾಳಿ ಎಳೆದುಕೊಳ್ಳದಂತೆ ಕಾಯುತ್ತದೆ. ಕ್ಯಾಲಿಪರಿನಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಚೌಕ ಅಂಚಿನ ಒಂದು ರಬ್ಬರ್ ಸೀಲ್ ಮಾತ್ರ. 10 ಪಿ.ಎಸ್.ಐ. ಒತ್ತಡದೆದುರು ಅದು ಸೋಲುತ್ತದೆ. ಪ್ಯಾಡ್ ಉಜ್ಜುತ್ತಲೇ ಇರುತ್ತದೆ, ಕಾಯುತ್ತದೆ, ಆಯಿಲ್ ಹಿಗ್ಗುತ್ತದೆ, ಇನ್ನಷ್ಟು ಬಿಗಿಯುತ್ತದೆ. ಡಿಸ್ಕ್ ದಾರಿಯಲ್ಲಿ ಈ ವಾಲ್ವ್ ಇರಲೇಬಾರದು. ಮಾಸ್ಟರ್ ಸಿಲಿಂಡರ್ ಕ್ಯಾಲಿಪರಿಗಿಂತ ಕೆಳಮಟ್ಟದಲ್ಲಿ, ನೆಲದಡಿ ಇರುವ ಗಾಡಿಯಾದರೆ ಮಾತ್ರ ಆಯಿಲ್ ವಾಪಸು ಇಳಿಯದಂತೆ 2 ಪಿ.ಎಸ್.ಐ.ನ ವಾಲ್ವ್ ಹಾಕುತ್ತಾರೆ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣ ಪುಶ್‌ರಾಡ್. ಬೂಸ್ಟರಿನ ರಾಡಿಗೂ ಮಾಸ್ಟರಿನ ಪಿಸ್ಟನ್ನಿಗೂ ನಡುವೆ ಕೂದಲಷ್ಟಾದರೂ ಸಂದು ಇರಬೇಕು. ಒಂದು ಮಿಲಿಮೀಟರಿಗಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಮಕ್ಕಳು ಆಡುವ ಕ್ಲೇ ಒಂದು ಚೂರು ರಾಡಿನ ತುದಿಗೆ ಅಂಟಿಸಿ, ಮಾಸ್ಟರನ್ನು ಬಿಗಿದು, ಮತ್ತೆ ಬಿಚ್ಚಿ ಕ್ಲೇಯ ದಪ್ಪ ನೋಡಿದರೆ ಅಳತೆ ಸಿಗುತ್ತದೆ. ಸಂದು ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ಹೋಗುವ ಸೂಜಿಮೊನೆಯಷ್ಟು ರಂಧ್ರ ಮುಚ್ಚಿಯೇ ಇರುತ್ತದೆ. ದಾರಿಯಲ್ಲಿ ಚಕ್ರ ಹಿಡಿದುಕೊಂಡರೆ ಹೀಗೆ ಪರೀಕ್ಷಿಸಿ: ಜಾಕ್ ಕೊಟ್ಟು ಕ್ಯಾಲಿಪರಿನ ಏರ್ ನಿಪ್ಪಲ್ (ಗಾಳಿ ತೆಗೆಯುವ ತಿರುಪು) ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಸಿಕ್ಕಿಹಾಕಿಕೊಂಡಿದೆ. ಆಮೇಲೆ ನಿಪ್ಪಲ್ ಬಿಗಿದು, ಮಾಸ್ಟರನ್ನು ಬೂಸ್ಟರಿಗೆ ಹಿಡಿದ ನಟ್ಟುಗಳನ್ನು ಎರಡು ಸುತ್ತು ಸಡಿಲಿಸಿ, ಗಾಡಿ ಓಡಿಸದೆ ಪೆಡಲ್ ಒತ್ತಿ ಬಿಟ್ಟು ನೋಡಿ. ಆಗ ಚಕ್ರ ಬಿಟ್ಟುಕೊಂಡರೆ ಪುಶ್‌ರಾಡಿನ ತಪ್ಪು, ಬಿಡದಿದ್ದರೆ ವಾಲ್ವ್ ಅಥವಾ ಒಳಗೆ ಊದಿಕೊಂಡ ಹೋಸ್. ನಿಪ್ಪಲ್ ಬಿಚ್ಚಿದರೂ ಚಕ್ರ ತಿರುಗದಿದ್ದರೆ ಸ್ಲೈಡಿಂಗ್ ಪಿನ್ ಅಥವಾ ಪಿಸ್ಟನ್ ತುಕ್ಕು ಹಿಡಿದಿದೆ.

ಹಿಂದಿನ ಚಕ್ರಕ್ಕೆ ಡಿಸ್ಕ್ ಬೇಡ. ಹ್ಯಾಂಡ್‌ಬ್ರೇಕ್ ಗೋಜಲಾಗುತ್ತದೆ, ಲಾಭವೂ ಕಡಿಮೆ. ಅಂಬಾಸಿಡರ್‌ನ ವೀಲ್‌ಬೇಸ್ 2,464 ಮಿ.ಮೀ. ತೂಕದ ಕೇಂದ್ರ ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೂ 0.7 ಜಿ ಬ್ರೇಕಿಗೆ ಸುಮಾರು 250 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ಬೀಳುತ್ತದೆ. ಹಗುರಾದ ಹಿಂದಿನ ಚಕ್ರ ಮೊದಲು ಲಾಕಾದರೆ ಗಾಡಿ ಗಿರಕಿ ಹೊಡೆಯುತ್ತದೆ. ಬೂಸ್ಟರ್ ಹಾಕಿದ ಮೇಲೆ ಹಿಂದಿನ ಡ್ರಮ್ಮಿಗೂ ಹೆಚ್ಚಿದ ಒತ್ತಡವೇ ಹೋಗುತ್ತದೆ ಎಂಬುದನ್ನು ಬಹಳ ಮೆಕ್ಯಾನಿಕ್ಕುಗಳು ಮರೆಯುತ್ತಾರೆ. ಹಿಂದಿನ ಪೈಪಿಗೆ, ಹಿಂದಿನದಕ್ಕೆ ಮಾತ್ರ, ತಿರುಗಿಸಿ ಹೊಂದಿಸುವ, ಒತ್ತಡ ತಗ್ಗಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿಸಿ. ಖಾಲಿ ಮೈದಾನದಲ್ಲಿ ಮಣ್ಣು ಅಥವಾ ಒದ್ದೆ ನೆಲದ ಮೇಲೆ 40 ಕಿ.ಮೀ. ವೇಗದಿಂದ ಗಟ್ಟಿಯಾಗಿ ಒತ್ತಿ, ಹೊರಗೆ ನಿಂತವರು ಚಕ್ರ ನೋಡಲಿ. ಮುಂದಿನದು ಮೊದಲು, ಹಿಂದಿನದು ಕೂದಲೆಳೆ ಆಮೇಲೆ ಲಾಕಾಗುವಂತೆ ತಿರುಗಿಸಿ ಗುರುತು ಹಾಕಿ. ಇದನ್ನು ಡ್ರೈವರ್ ಒಬ್ಬನೇ ಇದ್ದಾಗಲೂ ನೋಡಬೇಕು, ಹಿಂಬದಿ ಅತಿ ಹಗುರಾಗಿರುವುದು ಆಗಲೇ.

ಜೋಡಣೆಯ ವಿಷಯ. ಮೊದಲು ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಗೂಟ), ಬುಶ್, ವೀಲ್ ಬೇರಿಂಗ್ ಆಟ ತೆಗೆಸಿ. ಬೇರಿಂಗ್ ಸಡಿಲವಿದ್ದರೆ ತಿರುವಿನಲ್ಲಿ ಡಿಸ್ಕ್ ಅಲ್ಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ, ಮುಂದಿನ ಸಲ ಒತ್ತಿದಾಗ ಮೊದಲ ಒತ್ತು ಖಾಲಿ ಹೋಗುತ್ತದೆ. ಘಾಟಿಯಲ್ಲಿ ಇದು ಎದೆ ಝಲ್ಲೆನ್ನಿಸುವ ತಪ್ಪು. ಡಿಸ್ಕ್ ಕೂರುವ ಹಬ್ ಮುಖದ ತುಕ್ಕು ಪೂರ್ತಿ ಕೆರೆದು, ಡಿಸ್ಕ್ ಬಿಗಿದು, ಡಯಲ್ ಗೇಜಿನಲ್ಲಿ ಅಂಚಿನ ಓಲಾಟ ನೋಡಿ: 0.1 ಮಿ.ಮೀ. ಒಳಗಿರಬೇಕು. ಹೆಚ್ಚಿದ್ದರೆ ಡಿಸ್ಕನ್ನು ಒಂದೊಂದು ಬೋಲ್ಟ್ ತೂತು ತಿರುಗಿಸಿ ಕೂರಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಕ್ಯಾಲಿಪರ್ ಎಡಬಲ ಅದಲುಬದಲಾದರೂ ಬೋಲ್ಟಿಗೆ ಕೂರುತ್ತದೆ. ಆಗ ಏರ್ ನಿಪ್ಪಲ್ ಕೆಳಗೆ ಬರುತ್ತದೆ, ಮೇಲಿನ ಗಾಳಿ ಹೊರಗೆ ಬರುವುದೇ ಇಲ್ಲ. ದಿನವಿಡೀ ಏರ್ ತೆಗೆದರೂ ಪೆಡಲ್ ಮೆತ್ತಗೇ ಇದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ನಿಪ್ಪಲ್ ಯಾವಾಗಲೂ ಮೇಲ್ತುದಿಯಲ್ಲಿರಬೇಕು. ರಿಮ್ ಹಾಕಿ ಕೈಯಲ್ಲಿ ನಿಧಾನ ತಿರುಗಿಸಿ, ಕ್ಯಾಲಿಪರಿಗೂ ರಿಮ್ಮಿಗೂ 4 ಮಿ.ಮೀ. ಸಂದು ಇರಲಿ. ಒಳಗಡೆ ಬಡಿದ ಬ್ಯಾಲೆನ್ಸಿಂಗ್ ಸೀಸ ತಾಗುತ್ತದೆಯೇ ಅದನ್ನೂ ನೋಡಿ. ಡಿಸ್ಕಿನ ದಪ್ಪದಿಂದ ರಿಮ್ ಹೊರಗೆ ಸರಿದಿದ್ದರೆ ನಟ್ಟಿಗೆ ಸ್ಟಡ್ಡಿನ ವ್ಯಾಸದಷ್ಟಾದರೂ ಮರೆ ಸಿಗಬೇಕು, ಇಲ್ಲದಿದ್ದರೆ ಉದ್ದನೆಯ ಸ್ಟಡ್.

ಪೈಪಿನ ಮರೆ ಒಂದು ಬಲೆ. ಹಳೆಯ ಅಂಬಾಸಿಡರ್ ಬ್ರಿಟಿಷ್ ವಿನ್ಯಾಸ, ಅದರ ಪೈಪ್ ನಟ್ಟುಗಳು ಇಂಚಿನ ಲೆಕ್ಕದವು, ಸಾಮಾನ್ಯವಾಗಿ ಎಂಟರಲ್ಲಿ ಮೂರು ಇಂಚು, ಇಂಚಿಗೆ 24 ಮರೆ. ಈಚಿನ ಕ್ಯಾಲಿಪರ್, ಮಾಸ್ಟರುಗಳು ಹೆಚ್ಚಾಗಿ 10 ಮಿ.ಮೀ., ಒಂದು ಮಿ.ಮೀ. ಪಿಚ್. ಮೊದಲಿನದು ಎರಡನೆಯದರ ತೂತಿಗೆ ಸಡಿಲವಾಗಿ ಹೋಗಿ ಬಿಗಿದ ಹಾಗೆಯೇ ಅನ್ನಿಸುತ್ತದೆ, ಗಾಬರಿಯಲ್ಲಿ ಬ್ರೇಕ್ ಒತ್ತಿದ ದಿನ ಕಿತ್ತುಬರುತ್ತದೆ. ನಟ್ಟು ಕೈಯಲ್ಲೇ ಕೊನೆಯವರೆಗೆ ನಯವಾಗಿ ಹೋಗಬೇಕು, ಅಲುಗಾಡಬಾರದು. ಪೈಪ್ ಹದಿನಾರರಲ್ಲಿ ಮೂರು ಇಂಚಿನ ಉಕ್ಕಿನದು ಅಥವಾ ಕುಪ್ರೊ-ನಿಕಲ್‌ನದಿರಲಿ. ಫ್ರಿಜ್ ರಿಪೇರಿಯ ತಾಮ್ರದ ಪೈಪ್ ಬೇಡ. ತುದಿಯ ಫ್ಲೇರ್ (ಅಗಲಿಸಿದ ಬಾಯಿ) ಕ್ಯಾಲಿಪರಿನ ತೂತಿನ ತಳದ ಆಕಾರಕ್ಕೆ ತಕ್ಕುದಾಗಿರಬೇಕು, ಬೇರೆ ಆಕಾರದ ಫ್ಲೇರನ್ನು ಎಷ್ಟು ಬಿಗಿದರೂ ಜಿನುಗುತ್ತದೆ. ಹೋಸ್ ಹಾಕಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ನೇತಾಡಿಸಿ, ಎಲ್ಲೂ ಎಳೆಯದ, ಟೈರಿಗೆ ಉಜ್ಜದ ಹಾಗಿದೆಯೇ ನೋಡಿ.

ರಬ್ಬರ್ ಸಾಮಾನನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವುದನ್ನು ನಿಂತು ತಡೆಯಿರಿ. ಸೀಲುಗಳು ಊದಿಕೊಂಡು ವಾರದೊಳಗೆ ಬ್ರೇಕ್ ಹಿಡಿಯುತ್ತದೆ. ತೊಳೆಯಲು ಹೊಸ ಬ್ರೇಕ್ ಆಯಿಲ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್, ಸ್ಲೈಡಿಂಗ್ ಪಿನ್ನಿಗೆ ಸಿಲಿಕೋನ್ ಗ್ರೀಸ್. ಮಾಸ್ಟರನ್ನು ಗಾಡಿಗೆ ಏರಿಸುವ ಮೊದಲೇ ವೈಸಿನಲ್ಲಿ ಹಿಡಿದು ಏರ್ ತೆಗೆಯಿರಿ. ಗಾಡಿಯಲ್ಲಿ ಕ್ರಮ ಹೀಗೆ: ಹಿಂದೆ ಎಡ, ಹಿಂದೆ ಬಲ, ಮುಂದೆ ಎಡ, ಮುಂದೆ ಬಲ. ಡಾಟ್ 4ರ ಸೀಲ್ ಒಡೆಯದ ಡಬ್ಬಿ ತನ್ನಿ, ಒಂದು ಲೀಟರ್ ಇದ್ದರೆ ಹಳೆಯದನ್ನು ತೊಳೆದು ತುಂಬಲು ಸಾಕು. ಮುಗಿದ ಮೇಲೆ ಒಬ್ಬರು ಪೆಡಲನ್ನು ಎರಡು ನಿಮಿಷ ಜೋರಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಲಿ.

ಹೊಸ ಪ್ಯಾಡನ್ನು ಸಮತಟ್ಟು ರಸ್ತೆಯಲ್ಲಿ ಪಳಗಿಸಿ. 50ರಿಂದ 10 ಕಿ.ಮೀ. ವೇಗಕ್ಕೆ ಮಧ್ಯಮ ಒತ್ತಿನಲ್ಲಿ ಹದಿನೈದು ಸಲ, ನಡುವೆ ಅರ್ಧ ನಿಮಿಷ ಆರಲು ಬಿಟ್ಟು. ಬಿಸಿಯಿರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದರೆ ಪ್ಯಾಡಿನ ಗುರುತು ಡಿಸ್ಕಿನ ಮೇಲೆ ಅಂಟಿ ಆಮೇಲೆ ಸ್ಟಿಯರಿಂಗ್ ನಡುಗುತ್ತದೆ. 100 ಕಿ.ಮೀ. ಓಡಿದ ಮೇಲೆ ಕ್ಯಾಲಿಪರ್ ಬೋಲ್ಟ್, ಚಕ್ರದ ನಟ್ಟು ಮತ್ತೊಮ್ಮೆ ಬಿಗಿ ನೋಡಿ. ಆಮೇಲಷ್ಟೇ ಚಾರ್ಮಾಡಿ.

ಕಾಗದಪತ್ರದ ಮಾತು ಒಂದಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ನೋಂದಣಿ ಪತ್ರದಲ್ಲಿರುವ ವಿವರಗಳು ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಬ್ರೇಕಿನ ಬಗೆ ಆರ್.ಸಿ.ಯಲ್ಲಿ ಇರುವುದಿಲ್ಲ. ಆದರೂ ವಿಮಾ ಕಂಪನಿಗೆ ಒಂದು ಪತ್ರ ಬರೆದು ಪ್ರತಿ ಇಟ್ಟುಕೊಳ್ಳಿ. 2021ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಮ್ಮದಕ್ಕೆ ಆ ವಯಸ್ಸು ಬರುವುದು 2028ರಲ್ಲಿ. ಬಿಚ್ಚಿದ ಡ್ರಮ್, ಬ್ಯಾಕ್‌ಪ್ಲೇಟ್, ಸ್ಟಬ್ ಆಕ್ಸಲ್, ಮಾಸ್ಟರ್ ಸಿಲಿಂಡರನ್ನು ಗುಜರಿಗೆ ಕೊಡದೆ ಗ್ರೀಸ್ ಬಳಿದು, ಎಡ ಬಲ ಎಂದು ಚೀಟಿ ಕಟ್ಟಿ ಅಟ್ಟದ ಮೇಲಿಡಿ. ವಾಪಸು ಕೂರಿಸಬೇಕಾಗಿ ಬಂದರೆ ಎರಡು ದಿನದ ಕೆಲಸ.